ಲೈಂಗಿಕ ವೃತ್ತಿನಿರತರ ಹಕ್ಕುಗಳು ಮತ್ತು ವೇಶ್ಯಾವಾಟಿಕೆ ತಡೆ ಕ್ರಮಗಳ ಪರಿಣಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ಪೊಲೀಸ್ ದಾಳಿಯ ಸುದ್ದಿಗಳು ಸಾಮಾನ್ಯವಾಗಿ ‘ಮಹಿಳೆಯರ ರಕ್ಷಣೆ’ ಎಂಬ ಸಾಲಿನೊಂದಿಗೆ ಮುಗಿಯುತ್ತವೆ. ಆ ಮಹಿಳೆಯರನ್ನು ಎಲ್ಲಿಗೆ ಕರೆದೊಯ್ದರು, ಎಷ್ಟು ಕಾಲ ಇಟ್ಟರು, ಹೊರಬಂದ ಮೇಲೆ ಅವರ ಮನೆ, ಮಕ್ಕಳು, ಸಾಲ ಏನಾದವು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ಕೆಳಗಿನ ಉತ್ತರಗಳು ಹೆಚ್ಚಾಗಿ ಆ ಮುಂದಿನ ಭಾಗದ ಬಗ್ಗೆಯೇ ಇವೆ.

ಭಾರತದಲ್ಲಿ ಲೈಂಗಿಕ ವೃತ್ತಿ ಅಪರಾಧವೇ?

ಅಲ್ಲ. ವಯಸ್ಕ ವ್ಯಕ್ತಿ ಸ್ವಂತ ಇಚ್ಛೆಯಿಂದ, ಖಾಸಗಿಯಾಗಿ, ಹಣ ಪಡೆದು ಲೈಂಗಿಕ ಸಂಬಂಧ ಹೊಂದುವುದನ್ನು ಅಪರಾಧವೆಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಈ ವಿಷಯದಲ್ಲಿ ಮುಖ್ಯವಾಗಿ ಅನ್ವಯವಾಗುವುದು 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ, ಅಂದರೆ ಐಟಿಪಿಎ. ಭಾರತ 1950ರಲ್ಲಿ ಮಾನವ ಸಾಗಾಣಿಕೆ ತಡೆಯುವ ನ್ಯೂಯಾರ್ಕ್ ಒಡಂಬಡಿಕೆಗೆ ಸಹಿ ಹಾಕಿದ್ದರ ಫಲವಾಗಿ ಬಂದ ಈ ಕಾಯ್ದೆಗೆ 1986ರ ತಿದ್ದುಪಡಿಯಲ್ಲಿ ಇಂದಿನ ಹೆಸರು ಬಂತು. ವೇಶ್ಯಾಗೃಹ ನಡೆಸುವುದು, ಮತ್ತೊಬ್ಬರ ದುಡಿಮೆಯಿಂದ ಬದುಕುವುದು, ಮಹಿಳೆಯರನ್ನು ಈ ವೃತ್ತಿಗೆ ತರುವುದು, ಕೂಡಿಹಾಕುವುದು ಇದರಡಿ ಅಪರಾಧಗಳು. 2020ರಲ್ಲಿ ಬಾಂಬೆ ಹೈಕೋರ್ಟ್ ಮುಂಬೈನಲ್ಲಿ ಪೊಲೀಸರಿಗೆ ಸಿಕ್ಕ ಮೂವರು ಯುವತಿಯರನ್ನು ಅವರನ್ನು ಇರಿಸಿದ್ದ ಮಹಿಳಾ ನಿಲಯದಿಂದ ಬಿಡುಗಡೆ ಮಾಡುವಾಗ, ವೇಶ್ಯಾವೃತ್ತಿಯನ್ನೇ ಅಪರಾಧವೆಂದು ಪರಿಗಣಿಸುವ ಅವಕಾಶ ಈ ಕಾಯ್ದೆಯಲ್ಲಿಲ್ಲ ಎಂದು ಸ್ಪಷ್ಟವಾಗಿ ಹೇಳಿತು.

ಹಾಗಿದ್ದರೆ ಪೊಲೀಸರು ಮಹಿಳೆಯರನ್ನು ಯಾವ ಆಧಾರದಲ್ಲಿ ಹಿಡಿಯುತ್ತಾರೆ?

ವೃತ್ತಿ ಅಪರಾಧವಲ್ಲ ಎಂದು ಒಪ್ಪುವ ಕಾಯ್ದೆಯೇ ಆ ವೃತ್ತಿಗೆ ಬೇಕಾದ ಬಹುತೇಕ ಎಲ್ಲವನ್ನೂ ಅಪರಾಧದ ಅಂಚಿಗೆ ತಂದು ನಿಲ್ಲಿಸಿದೆ. ಸೆಕ್ಷನ್ 8ರ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಮಾತಿನಿಂದಾಗಲಿ, ಸನ್ನೆಯಿಂದಾಗಲಿ ಗಿರಾಕಿಯನ್ನು ಕರೆದರೆ, ಆ ಉದ್ದೇಶದಿಂದ ಸುಮ್ಮನೆ ಸುತ್ತಾಡಿದರೂ, ಆರು ತಿಂಗಳವರೆಗೆ ಶಿಕ್ಷೆ ಅಥವಾ 500 ರೂಪಾಯಿ ದಂಡ ವಿಧಿಸಬಹುದು. ಕಿಟಕಿಯಲ್ಲೋ ಬಾಲ್ಕನಿಯಲ್ಲೋ ಕುಳಿತದ್ದನ್ನೂ ಅದು ಹೆಸರಿಸುತ್ತದೆ. ಸೆಕ್ಷನ್ 7ರ ಪ್ರಕಾರ ದೇವಸ್ಥಾನ, ಶಾಲೆ, ಹಾಸ್ಟೆಲ್, ಆಸ್ಪತ್ರೆಗಳಿಂದ 200 ಮೀಟರ್ ಒಳಗೆ ವೃತ್ತಿ ನಡೆಸುವಂತಿಲ್ಲ. ಬೆಂಗಳೂರಿನ ಮೆಜೆಸ್ಟಿಕ್, ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯದಂತಹ ಕಡೆ 200 ಮೀಟರ್ ಒಳಗೆ ಗುಡಿಯೋ ಶಾಲೆಯೋ ಇಲ್ಲದ ಜಾಗ ಹುಡುಕುವುದೇ ಕಷ್ಟ.

ಇದಕ್ಕೂ ಮೀರಿ ಪೆಟ್ಟಿ ಕೇಸುಗಳಿವೆ. ಬೀದಿಯಲ್ಲಿ ನಿಂತ ಮಹಿಳೆಯನ್ನು ಠಾಣೆಗೆ ಕರೆದೊಯ್ದು, ಸಾರ್ವಜನಿಕರಿಗೆ ತೊಂದರೆ ಕೊಟ್ಟಳೆಂದು ಬರೆದು, ದಂಡ ಕಟ್ಟಿಸಿ ಕಳುಹಿಸುವುದು ಹಳೆಯ ರೂಢಿ. ಇಂಥ ಪ್ರಕರಣಗಳಲ್ಲಿ ಹೆಚ್ಚಿನ ಮಹಿಳೆಯರು ವಕೀಲರನ್ನು ಹುಡುಕುವುದಿಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಸಂಜೆಯೊಳಗೆ ಮಕ್ಕಳ ಬಳಿ ಹೋಗಬಹುದೆಂದು ಅವರಿಗೆ ಗೊತ್ತು. ದಂಡ ಕಟ್ಟಿದ ಹಣವನ್ನು ಮರುದಿನ ಅದೇ ಬೀದಿಯಲ್ಲಿ ದುಡಿಯಬೇಕಾಗುತ್ತದೆ. ತಡೆಯುವ ಉದ್ದೇಶದ ಕ್ರಮವೊಂದು ಆಕೆಯನ್ನು ಇನ್ನಷ್ಟು ಹೊತ್ತು ಬೀದಿಯಲ್ಲಿ ನಿಲ್ಲಿಸುತ್ತದೆ.

ಒಬ್ಬರೇ ದುಡಿಯುವುದಕ್ಕಿಂತ ಇಬ್ಬರು ಮೂವರು ಒಂದೇ ಮನೆಯಲ್ಲಿದ್ದರೆ ಹೆಚ್ಚು ಸುರಕ್ಷಿತವಲ್ಲವೇ?

ಖಂಡಿತ ಸುರಕ್ಷಿತ, ಆದರೆ ಕಾನೂನು ಅದನ್ನು ಒಪ್ಪುವುದಿಲ್ಲ. ಐಟಿಪಿಎ ಪ್ರಕಾರ ಇಬ್ಬರು ಅಥವಾ ಹೆಚ್ಚು ಮಹಿಳೆಯರು ಪರಸ್ಪರ ಲಾಭಕ್ಕಾಗಿ ಬಳಸುವ ಮನೆಯೂ ವೇಶ್ಯಾಗೃಹವೇ. ಕುಡಿದು ಬಂದ ಗಿರಾಕಿ ಜಗಳ ತೆಗೆದರೆ ಪಕ್ಕದ ಕೋಣೆಯಿಂದ ಇನ್ನೊಬ್ಬಳು ಬರಲಿ ಎಂದು ಜೊತೆಯಾಗಿ ಬಾಡಿಗೆ ಹಿಡಿದವರು ಕಾನೂನಿನ ಕಣ್ಣಿಗೆ ವೇಶ್ಯಾಗೃಹ ನಡೆಸುವವರಾಗುತ್ತಾರೆ.

ಸೆಕ್ಷನ್ 4 ಇನ್ನೂ ಮುಂದೆ ಹೋಗುತ್ತದೆ. ಇನ್ನೊಬ್ಬರ ವೇಶ್ಯಾವೃತ್ತಿಯ ಸಂಪಾದನೆಯಿಂದ ಪೂರ್ತಿಯಾಗಿಯೋ ಭಾಗಶಃವೋ ಬದುಕುವ 18 ವರ್ಷ ಮೀರಿದ ಯಾವ ವ್ಯಕ್ತಿಯೂ ಎರಡು ವರ್ಷಗಳವರೆಗಿನ ಶಿಕ್ಷೆಗೆ ಗುರಿಯಾಗಬಹುದು. ಆಕೆಯೊಡನೆ ವಾಸಿಸುವವರು ಹಾಗೆ ಬದುಕುತ್ತಿದ್ದಾರೆಂದೇ ಭಾವಿಸಲು ಕಾನೂನು ಅವಕಾಶ ಕೊಟ್ಟಿದೆ. ದಲ್ಲಾಳಿಗಳನ್ನು ಹಿಡಿಯಲೆಂದು ಬರೆದ ಈ ಸೆಕ್ಷನ್ ವಯಸ್ಸಾದ ತಾಯಿ, ಕಾಲೇಜು ಓದುವ ಮಗ, ದುಡಿಯಲಾಗದ ಗಂಡ ಇವರೆಲ್ಲರನ್ನೂ ಒಳಗೊಳ್ಳಬಲ್ಲದು. ಬಾಡಿಗೆ ಕೊಟ್ಟ ಮಾಲೀಕನಿಗೂ ಭಯ ಇದ್ದೇ ಇದೆ, ಆದ್ದರಿಂದ ಆತ ಒಂದೋ ಮನೆ ಕೊಡುವುದಿಲ್ಲ, ಇಲ್ಲವೇ ಆ ಅಪಾಯಕ್ಕೆ ಬೆಲೆ ಕಟ್ಟಿ ಹೆಚ್ಚು ಬಾಡಿಗೆ ಕೇಳುತ್ತಾನೆ.

ದಾಳಿಯ ನಂತರ ಮಹಿಳೆಗೆ ಏನಾಗುತ್ತದೆ?

ಸೆಕ್ಷನ್ 15ರಡಿ ವಿಶೇಷ ಪೊಲೀಸ್ ಅಧಿಕಾರಿ ವಾರಂಟ್ ಇಲ್ಲದೆ ಶೋಧ ನಡೆಸಬಹುದು. ಜೊತೆಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರಿರಬೇಕು, ಸ್ಥಳೀಯ ಸಾಕ್ಷಿಗಳಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಕರೆತಂದವರಿಗೆ ವೈದ್ಯಕೀಯ ಪರೀಕ್ಷೆ ನಡೆಯುತ್ತದೆ. ವಯಸ್ಸು, ಗಾಯಗಳ ಜೊತೆಗೆ ಲೈಂಗಿಕ ರೋಗವಿದೆಯೇ ಎಂದೂ ನೋಡುತ್ತಾರೆ. ನಂತರ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ, ಅವರು ವಿಚಾರಣೆ ನಡೆಸಿ, ಆಕೆಗೆ ‘ಆರೈಕೆ ಮತ್ತು ರಕ್ಷಣೆ’ ಬೇಕೆಂದು ಕಂಡರೆ ಸೆಕ್ಷನ್ 17ರಡಿ ಒಂದರಿಂದ ಮೂರು ವರ್ಷಗಳವರೆಗೆ ರಕ್ಷಣಾ ಗೃಹದಲ್ಲಿ ಇರಿಸಬಹುದು. ಯಾವ ಅಪರಾಧವನ್ನೂ ಮಾಡದ ವಯಸ್ಕಳಿಗೆ ಸಾರ್ವಜನಿಕವಾಗಿ ಗಿರಾಕಿಯನ್ನು ಕರೆದದ್ದಕ್ಕೆ ಸಿಗುವ ಶಿಕ್ಷೆಗಿಂತ ದೀರ್ಘವಾದ ಬಂಧನ ‘ರಕ್ಷಣೆ’ಯ ಹೆಸರಿನಲ್ಲಿ ಸಿಗುವುದು ಈ ಕಾಯ್ದೆಯ ಅತ್ಯಂತ ಕಠೋರ ಭಾಗವೆಂದು ನನ್ನ ನಿಲುವು.

ಒಂದು ವರ್ಷ ಒಳಗಿದ್ದರೆ ಹೊರಗೆ ಏನೇನು ನಡೆಯುತ್ತದೆ ಎಂದು ಲೆಕ್ಕ ಹಾಕಬೇಕು. ಬಾಡಿಗೆ ಬಾಕಿಯಾಗಿ ಮಾಲೀಕ ಅಡ್ವಾನ್ಸ್ ಮುರಿದುಕೊಂಡು ಮನೆಗೆ ಬೇರೆ ಬೀಗ ಹಾಕಿರುತ್ತಾನೆ. ಕಟ್ಟುತ್ತಿದ್ದ ಚೀಟಿ ನಿಂತುಹೋಗಿರುತ್ತದೆ. ಮೀಟರ್ ಬಡ್ಡಿಗೆ ತಂದ ಸಾಲ ಬೆಳೆದಿರುತ್ತದೆ. ಊರಿನಲ್ಲಿ ‘ಗಾರ್ಮೆಂಟ್ಸ್ ಕೆಲಸ’ ಎಂದು ಹೇಳಿಕೊಂಡಿದ್ದವಳ ವಿಷಯ, ಬಿಡಿಸಿಕೊಂಡು ಹೋಗಲು ಬಂದ ಅಣ್ಣನಿಗೋ ಚಿಕ್ಕಪ್ಪನಿಗೋ ಗೊತ್ತಾಗಿ, ಮನೆಯ ಬಾಗಿಲೂ ಮುಚ್ಚಿರುತ್ತದೆ. ಹೊಲಿಗೆ, ಅಗರಬತ್ತಿ ಹೊಸೆಯುವ ತರಬೇತಿಯಿಂದ ಬರುವ ಆದಾಯ ಆ ಸಾಲದ ಬಡ್ಡಿಗೂ ಸಾಲುವುದಿಲ್ಲ. ಹೀಗಾಗಿ ಅನೇಕರು ಮತ್ತೆ ಅದೇ ವೃತ್ತಿಗೆ ಮರಳುತ್ತಾರೆ, ಈ ಬಾರಿ ಹೊಸ ಊರಿನಲ್ಲಿ, ಪರಿಚಯವಿಲ್ಲದ ದಲ್ಲಾಳಿಯ ಹಂಗಿನಲ್ಲಿ, ಮೊದಲಿಗಿಂತ ಹೆಚ್ಚು ಸಾಲದೊಂದಿಗೆ.

ಹಾಗಾದರೆ ಕಳ್ಳಸಾಗಣೆಗೆ ಬಲಿಯಾದವರನ್ನು ಬಿಡಿಸುವುದೇ ಬೇಡವೇ?

ಬೇಕೇ ಬೇಕು. ಮೋಸದಿಂದ, ಬಲಾತ್ಕಾರದಿಂದ, ಸಾಲದ ಬಲೆಯಿಂದ ತಂದು ಕೂಡಿಹಾಕಿದ ಒಬ್ಬೊಬ್ಬಳನ್ನೂ ಬಿಡಿಸಬೇಕು, ತಂದವರಿಗೆ ಶಿಕ್ಷೆಯಾಗಬೇಕು. 18 ವರ್ಷ ತುಂಬದವರ ವಿಷಯದಲ್ಲಿ ಒಪ್ಪಿಗೆಯ ಪ್ರಶ್ನೆಯೇ ಇಲ್ಲ; ಪೋಕ್ಸೊ ಕಾಯ್ದೆಯಡಿ ಅದು ಮಗುವಿನ ಮೇಲಿನ ಅಪರಾಧ, ತಿಳಿದವರು ವರದಿ ಮಾಡುವುದು ಕಡ್ಡಾಯ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 143 ಮತ್ತು 144 ಮಾನವ ಕಳ್ಳಸಾಗಣೆಗೆ, ಸಾಗಣೆಯಾದವರ ಶೋಷಣೆಗೆ ಕಠಿಣ ಶಿಕ್ಷೆ ವಿಧಿಸುತ್ತವೆ.

ಲೈಂಗಿಕ ವೃತ್ತಿನಿರತರ ಸಂಘಟನೆಗಳು ಕಳ್ಳಸಾಗಣೆಯ ಪರವಾಗಿ ಎಂದೂ ನಿಂತಿಲ್ಲ. ಕೋಲ್ಕತ್ತದ ಕೆಂಪು ದೀಪದ ಪ್ರದೇಶವಾದ ಸೋನಾಗಾಚಿಯಲ್ಲಿ ವೃತ್ತಿನಿರತರದೇ ಸಂಘಟನೆಯಾದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಸ್ವಯಂ ನಿಯಂತ್ರಣ ಮಂಡಳಿಗಳನ್ನು ಕಟ್ಟಿ, ಹೊಸದಾಗಿ ಬಂದವರ ವಯಸ್ಸು ಮತ್ತು ಇಚ್ಛೆಯನ್ನು ತಾನೇ ಪರಿಶೀಲಿಸುವ ವ್ಯವಸ್ಥೆ ಮಾಡಿಕೊಂಡಿತು. ಓಣಿಗೆ ಹೊಸ ಹುಡುಗಿಯೊಬ್ಬಳು ಬಂದದ್ದು ಮೊದಲು ತಿಳಿಯುವುದು ಆ ಓಣಿಯವರಿಗೇ. ಆದರೆ ಪೊಲೀಸರಿಗೆ ವಿಷಯ ತಿಳಿಸಿದರೆ ದಾಳಿ ತನ್ನ ಮೇಲೂ ಬೀಳುತ್ತದೆಂಬ ಭಯವಿರುವಲ್ಲಿ ಯಾವ ಮಹಿಳೆಯೂ ಬಾಯಿ ಬಿಡುವುದಿಲ್ಲ. ಬಲವಂತದಿಂದ ಬಂದವರನ್ನೂ ಸ್ವಂತ ಇಚ್ಛೆಯಿಂದ ಇರುವವರನ್ನೂ ಒಂದೇ ವ್ಯಾನಿಗೆ ಹತ್ತಿಸುವ ದಾಳಿಯಿಂದ ಹೆಚ್ಚು ಹಾನಿಯಾಗುವುದು ನಿಜವಾದ ಬಲಿಪಶುವಿಗೇ.

ಸುಪ್ರೀಂ ಕೋರ್ಟ್ 2022ರಲ್ಲಿ ನಿಜವಾಗಿ ಏನು ಹೇಳಿತು?

ಕೋಲ್ಕತ್ತದಲ್ಲಿ ನಡೆದ ಲೈಂಗಿಕ ವೃತ್ತಿನಿರತ ಮಹಿಳೆಯೊಬ್ಬರ ಕೊಲೆ ಪ್ರಕರಣದ ಮೇಲ್ಮನವಿ 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಗೆ ಬಂದಾಗ, ನ್ಯಾಯಾಲಯ ಅದನ್ನೇ ವಿಸ್ತರಿಸಿ ಒಂದು ಸಮಿತಿ ನೇಮಿಸಿತು. ಇದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣ. 2022ರ ಮೇ 19ರಂದು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ನೇತೃತ್ವದ ಪೀಠ ಸಂವಿಧಾನದ 142ನೇ ವಿಧಿಯಡಿ ನಿರ್ದೇಶನಗಳನ್ನು ನೀಡಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ವೃತ್ತಿನಿರತರಿಗೆ ಇತರ ಸಂತ್ರಸ್ತೆಯರಂತೆಯೇ ತಕ್ಷಣ ವೈದ್ಯಕೀಯ ನೆರವು ಸಿಗಬೇಕು. ಪೊಲೀಸರು ಘನತೆಯಿಂದ ನಡೆದುಕೊಳ್ಳಬೇಕು, ಬೈಗುಳ, ಹೊಡೆತ, ಬಲವಂತ ಕೂಡದು. ಕಾಂಡೋಮ್ ಬಳಕೆಯನ್ನು ಅಪರಾಧದ ಸಾಕ್ಷ್ಯವೆಂದು ಪರಿಗಣಿಸಬಾರದು. ಮಾಧ್ಯಮಗಳು ಗುರುತು, ಚಿತ್ರ ಬಯಲು ಮಾಡಬಾರದು. ರಕ್ಷಣಾ ಗೃಹಗಳಲ್ಲಿ ಇಚ್ಛೆಗೆ ವಿರುದ್ಧವಾಗಿ ಇರುವ ವಯಸ್ಕರನ್ನು ಗುರುತಿಸಿ ಬಿಡುಗಡೆಗೆ ಕ್ರಮ ಜರುಗಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಮಿತಿಯ ಇನ್ನೂ ಕೆಲವು ಶಿಫಾರಸುಗಳಿದ್ದವು: ವಯಸ್ಕಳಾಗಿ ಒಪ್ಪಿಗೆಯಿಂದ ವೃತ್ತಿಯಲ್ಲಿರುವವಳ ವಿಷಯದಲ್ಲಿ ಪೊಲೀಸರು ಮಧ್ಯಪ್ರವೇಶಿಸಬಾರದು, ವೇಶ್ಯಾಗೃಹದ ಮೇಲೆ ದಾಳಿಯಾದಾಗ ಆಕೆಯನ್ನು ಬಂಧಿಸಬಾರದು, ತಾಯಿಯ ವೃತ್ತಿಯೊಂದೇ ಕಾರಣಕ್ಕೆ ಮಗುವನ್ನು ಬೇರ್ಪಡಿಸಬಾರದು ಎಂಬಂಥವು. ಇವುಗಳ ಬಗ್ಗೆ ಕೇಂದ್ರ ಸರ್ಕಾರ ಆಕ್ಷೇಪ ವ್ಯಕ್ತಪಡಿಸಿದ್ದರಿಂದ ರಾಜ್ಯಗಳು ಕಡ್ಡಾಯವಾಗಿ ಪಾಲಿಸಬೇಕಾದ ನಿರ್ದೇಶನಗಳಲ್ಲಿ ಅವು ಸೇರಲಿಲ್ಲ. ಆ ದಿನಗಳ ಅನೇಕ ವರದಿಗಳು ಎಲ್ಲವನ್ನೂ ಒಂದೇ ಎಂದು ಬರೆದವು. ಠಾಣೆಯಲ್ಲಿ ವಾದಿಸುವ ಕಾರ್ಯಕರ್ತರಿಗೆ ಈ ವ್ಯತ್ಯಾಸ ತಿಳಿದಿರಬೇಕು, ಇಲ್ಲದಿದ್ದರೆ ಗಟ್ಟಿಯಾದ ನಿರ್ದೇಶನಗಳ ಬಲವೂ ಕುಂದುತ್ತದೆ.

ಆರೋಗ್ಯದ ಮೇಲೆ ದಾಳಿಗಳ ಪರಿಣಾಮವೇನು?

ದಾಳಿಯ ಮಹಜರಿನಲ್ಲಿ ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಇರುತ್ತದೆ: ಮೊಬೈಲ್, ನಗದು, ಕಾಂಡೋಮ್ ಪೊಟ್ಟಣ. ಆ ಪೊಟ್ಟಣಗಳು ಎಷ್ಟೋ ಬಾರಿ ಸರ್ಕಾರವೇ ಉಚಿತವಾಗಿ ಹಂಚಿದ ನಿರೋಧ್. ರಾಜ್ಯದ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಪೀರ್ ಎಜುಕೇಟರ್ (ವೃತ್ತಿನಿರತರಲ್ಲೇ ಒಬ್ಬರಾದ ಆರೋಗ್ಯ ಕಾರ್ಯಕರ್ತೆ) ಬೆಳಿಗ್ಗೆ ಕೈಗಿತ್ತದ್ದು ಸಂಜೆಯ ಪಂಚನಾಮೆಯಲ್ಲಿ ಸಾಕ್ಷ್ಯವಾಗಿ ಸೇರುತ್ತದೆ. ಇದನ್ನು ಒಮ್ಮೆ ಕಂಡ ಮಹಿಳೆ ಚೀಲದಲ್ಲಿ ಕಾಂಡೋಮ್ ಇಟ್ಟುಕೊಳ್ಳಲು ಹೆದರುತ್ತಾಳೆ, ಮನೆ ನಡೆಸುವವಳು ದಾಸ್ತಾನು ಇಡುವುದಿಲ್ಲ.

ಕರ್ನಾಟಕ ಈ ವಿಷಯದಲ್ಲಿ ಜಗತ್ತಿಗೆ ಪಾಠವಾದ ರಾಜ್ಯ. 2003ರಲ್ಲಿ ಆರಂಭವಾದ ಎಚ್‌ಐವಿ ತಡೆಯ ‘ಆವಾಹನ್’ ಕಾರ್ಯಕ್ರಮ ಇಲ್ಲಿ ವೃತ್ತಿನಿರತರನ್ನೇ ಮುಂದಿಟ್ಟುಕೊಂಡು ನಡೆಯಿತು. ಮೈಸೂರಿನ ಆಶೋದಯ ಸಮಿತಿಯಲ್ಲಿ ವೃತ್ತಿನಿರತರೇ ಚಿಕಿತ್ಸಾಲಯದ ಕೆಲಸದಿಂದ ಹಿಡಿದು ಪೊಲೀಸರೊಂದಿಗಿನ ಮಾತುಕತೆಯವರೆಗೆ ಹೊಣೆ ಹೊತ್ತರು. ರಾಜ್ಯದ ಹಲವು ಜಿಲ್ಲೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ಕಾಂಡೋಮ್ ಬಳಕೆ ಕಡಿಮೆಯೆಂದೂ, ಪೊಲೀಸರು ಮತ್ತು ವಕೀಲರನ್ನು ಒಳಗೊಂಡ ಕಾರ್ಯಕ್ರಮ ನಡೆದ ಮೇಲೆ ಹಿಂಸೆ ಇಳಿಯಿತೆಂದೂ ತೋರಿಸಿತು. 2014ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಬಳ್ಳಾರಿ, ಕೆನಡಾದ ವ್ಯಾಂಕೂವರ್, ಕೀನ್ಯಾದ ಮೊಂಬಾಸಾ ಈ ಮೂರು ಕಡೆಗಳನ್ನು ತೆಗೆದುಕೊಂಡು, ಲೈಂಗಿಕ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ಪೂರ್ತಿಯಾಗಿ ಹೊರತೆಗೆದರೆ ಹತ್ತು ವರ್ಷಗಳಲ್ಲಿ ಶೇ 33ರಿಂದ 46ರಷ್ಟು ಹೊಸ ಎಚ್‌ಐವಿ ಸೋಂಕುಗಳನ್ನು ತಡೆಯಬಹುದೆಂದು ಅಂದಾಜಿಸಿತು.

ಕೆಂಪು ದೀಪದ ಪ್ರದೇಶಗಳನ್ನೇ ತೆರವುಗೊಳಿಸಿದರೆ ಸಮಸ್ಯೆ ಮುಗಿಯುವುದಿಲ್ಲವೇ?

ಗೋವಾದ ವಾಸ್ಕೊ ಪಟ್ಟಣದ ಬೈನಾ ಕಡಲತೀರದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಲ್ಲಿ ದುಡಿಯುತ್ತಿದ್ದವರಲ್ಲಿ ದೊಡ್ಡ ಪಾಲು ಉತ್ತರ ಕರ್ನಾಟಕ ಮತ್ತು ಆಂಧ್ರದಿಂದ ಹೋದವರಾಗಿದ್ದರು. ಹೈಕೋರ್ಟ್ ಆದೇಶದ ನಂತರ 2004ರ ಜೂನ್ ತಿಂಗಳಲ್ಲಿ, ಮುಂಗಾರು ಸುರಿಯುತ್ತಿರುವಾಗಲೇ, ಸರ್ಕಾರ ಅಲ್ಲಿನ ಗುಡಿಸಲು, ಕೋಣೆಗಳನ್ನು ಬುಲ್ಡೋಜರಿನಿಂದ ನೆಲಸಮ ಮಾಡಿತು. ವೃತ್ತಿ ನಡೆಸುತ್ತಿದ್ದವರ ಕೋಣೆಗಳ ಜೊತೆಗೆ ಬೇರೆ ಕೂಲಿ ಕುಟುಂಬಗಳ ಮನೆಗಳೂ ಹೋದವು.

ವೃತ್ತಿ ನಿಲ್ಲಲಿಲ್ಲ. ಅದು ಲಾಡ್ಜುಗಳಿಗೆ, ಬಾರುಗಳಿಗೆ, ಬೀದಿಗಳಿಗೆ, ದಲ್ಲಾಳಿಗಳ ಫೋನುಗಳಿಗೆ ಹರಡಿತು. ಒಂದು ಕಡೆ ನೆಲೆಸಿದ್ದವರನ್ನು ವರ್ಷಗಟ್ಟಲೆ ಪರಿಚಯ ಮಾಡಿಕೊಂಡು ಕಟ್ಟಿದ್ದ ಎಚ್‌ಐವಿ ತಡೆ ಕಾರ್ಯಕ್ರಮದ ಸಂಪರ್ಕ ಕಡಿಯಿತು, ನೆರೆಯವರು ಇಲ್ಲವಾದರು, ಮಕ್ಕಳ ಶಾಲೆ ತಪ್ಪಿತು. ಬಾಗಲಕೋಟೆಗೋ ವಿಜಯಪುರಕ್ಕೋ ಮರಳಿದರೆ ಅಲ್ಲಿ ಜಮೀನಿಲ್ಲ, ಕೆಲಸವಿಲ್ಲ. ತಾವು ಕಳುಹಿಸುತ್ತಿದ್ದ ಹಣದಿಂದಲೇ ನಡೆಯುತ್ತಿದ್ದ ಮನೆಗೆ ಬರಿಗೈಯಲ್ಲಿ ಹೋಗುವುದು ಯಾರಿಗೂ ಸುಲಭವಲ್ಲ.

ವಿದೇಶಿ ನೆರವಿನ ಷರತ್ತುಗಳಿಗೂ ಇದಕ್ಕೂ ಏನು ಸಂಬಂಧ?

2003ರಲ್ಲಿ ಅಮೆರಿಕ ಏಡ್ಸ್ ನೆರವಿನ ಕಾನೂನು ಮಾಡಿದಾಗ, ಹಣ ಪಡೆಯುವ ಸಂಸ್ಥೆಗಳು ವೇಶ್ಯಾವೃತ್ತಿಯನ್ನು ವಿರೋಧಿಸುವ ನೀತಿ ಹೊಂದಿರಬೇಕೆಂಬ ಷರತ್ತು ಹಾಕಿತು. ಇದನ್ನು ಒಪ್ಪದೆ ಬ್ರೆಜಿಲ್ 2005ರಲ್ಲಿ ನಾಲ್ಕು ಕೋಟಿ ಡಾಲರ್ ನೆರವನ್ನೇ ಬಿಟ್ಟಿತು. ನಮ್ಮ ರಾಜ್ಯದ ಗಡಿಯಾಚೆ, ಮಹಾರಾಷ್ಟ್ರದ ಸಾಂಗ್ಲಿಯ ಸಂಗ್ರಾಮ್ ಸಂಸ್ಥೆಯೂ ಈ ಷರತ್ತಿಗೆ ಒಪ್ಪಲಿಲ್ಲ. ಅದರ ಜೊತೆ ಬೆಳೆದ ‘ವ್ಯಾಂಪ್’ ಎಂಬ ಮಹಿಳೆಯರ ಸಂಘಟನೆ ಸಾಂಗ್ಲಿ, ಮಿರಜ್ ಹಾಗೂ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಕೆಲಸ ಮಾಡುತ್ತದೆ; ಅದರ ಸದಸ್ಯೆಯರಲ್ಲಿ ಕನ್ನಡ ಮಾತನಾಡುವ, ದೇವದಾಸಿ ಹಿನ್ನೆಲೆಯ ಮಹಿಳೆಯರು ಬಹಳ. 2005ರಲ್ಲಿ ಅಮೆರಿಕ ಮೂಲದ ಸಂಸ್ಥೆಯೊಂದು ಪೊಲೀಸರೊಡನೆ ಸಾಂಗ್ಲಿಯ ಗೋಕುಳನಗರದಲ್ಲಿ ನಡೆಸಿದ ದಾಳಿಯನ್ನು ಅಲ್ಲಿನ ಮಹಿಳೆಯರು ಸಂಘಟಿತರಾಗಿ ಪ್ರತಿಭಟಿಸಿದರು. ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ಈ ಷರತ್ತನ್ನು ತನ್ನ ದೇಶದ ಸಂಸ್ಥೆಗಳಿಗೆ ಅನ್ವಯಿಸದಂತೆ ತಡೆದರೂ, 2020ರ ತೀರ್ಪಿನಲ್ಲಿ ವಿದೇಶಿ ಸಂಸ್ಥೆಗಳಿಗೆ ಆ ರಕ್ಷಣೆ ಇಲ್ಲವೆಂದಿತು.

ದೇವದಾಸಿ ಪದ್ಧತಿಯ ನಿಷೇಧವನ್ನೂ ನೀವು ವಿರೋಧಿಸುತ್ತೀರಾ?

ಇಲ್ಲ. ಬಾಲಕಿಯನ್ನು ದೇವರ ಹೆಸರಿನಲ್ಲಿ ಬಿಡುವುದು ಆಕೆಯ ಆಯ್ಕೆಯಲ್ಲ. ಅದು ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳ ಮೇಲೆ ನಡೆದ ಅನ್ಯಾಯ. ಕರ್ನಾಟಕ 1982ರಲ್ಲೇ ಅದನ್ನು ನಿಷೇಧಿಸುವ ಕಾಯ್ದೆ ತಂದಿತು. 1993–94 ಮತ್ತು 2007–08ರ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ಮಾಜಿ ದೇವದಾಸಿಯರನ್ನು ಸರ್ಕಾರ ಗುರುತಿಸಿದೆ. ಆದರೆ ಮುತ್ತು ಕಟ್ಟಿ ದೇವರಿಗೆ ಬಿಡುವುದನ್ನು ತಡೆಯುವುದು ಒಂದು ಕೆಲಸ, ಈಗಾಗಲೇ ಬದುಕು ಕಟ್ಟಿಕೊಂಡಿರುವ ಐವತ್ತು ವರ್ಷದ ಮಹಿಳೆಗೆ ಪಿಂಚಣಿ, ನಿವೇಶನ, ಮಕ್ಕಳ ಜಾತಿ ಪ್ರಮಾಣಪತ್ರ ಸಿಗುವಂತೆ ಮಾಡುವುದು ಇನ್ನೊಂದು ಕೆಲಸ. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಮರೆಯಬಾರದು.

ಗಿರಾಕಿಗೆ ಮಾತ್ರ ಶಿಕ್ಷೆ ಕೊಡುವ ಕಾನೂನು ಉತ್ತಮವಲ್ಲವೇ?

ಸ್ವೀಡನ್ 1999ರಲ್ಲಿ, ಫ್ರಾನ್ಸ್ 2016ರಲ್ಲಿ ಈ ದಾರಿ ಹಿಡಿದವು. ಕೇಳಲು ನ್ಯಾಯವೆನಿಸುತ್ತದೆ. ಆದರೆ ಹಿಡಿದುಬೀಳುವ ಭಯದ ಗಿರಾಕಿ ಅವಸರ ಮಾಡುತ್ತಾನೆ, ಹೆಸರು ಹೇಳುವುದಿಲ್ಲ, ಕತ್ತಲ ಜಾಗಕ್ಕೆ ಕರೆಯುತ್ತಾನೆ. ಆತ ಅಪಾಯಕಾರಿಯೇ ಎಂದು ಅಳೆಯಲು ಆಕೆಗೆ ಸಮಯ ಸಿಗುವುದಿಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರಲ್ಲಿ ಫ್ರಾನ್ಸಿನ ಕಾನೂನು ಹಕ್ಕುಗಳ ಉಲ್ಲಂಘನೆ ಎಂಬ ವಾದವನ್ನು ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು. ನ್ಯೂಜಿಲೆಂಡ್ 2003ರಲ್ಲಿ ವೃತ್ತಿಯನ್ನು ಅಪರಾಧಮುಕ್ತಗೊಳಿಸಿತು. 2008ರ ಅಧಿಕೃತ ಪರಾಮರ್ಶೆಯಲ್ಲಿ, ಬೇಡವೆನಿಸಿದ ಗಿರಾಕಿಯನ್ನು ನಿರಾಕರಿಸುವುದು ಸುಲಭವಾಗಿದೆ ಎಂದು ಅನೇಕ ಮಹಿಳೆಯರು ಹೇಳಿದರು. ಅಲ್ಲಿಯೂ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಈ ಹಕ್ಕಿಲ್ಲ. ನಮ್ಮಲ್ಲಿ ಕರ್ನಾಟಕ ಹೈಕೋರ್ಟ್ ಹಲವು ಪ್ರಕರಣಗಳಲ್ಲಿ ಗಿರಾಕಿಯ ಮೇಲಿನ ಐಟಿಪಿಎ ಮೊಕದ್ದಮೆಯನ್ನು ರದ್ದುಪಡಿಸಿದೆ.

ಪಡಿತರ ಚೀಟಿ, ಆಧಾರ್ ಪಡೆಯಲು ವೃತ್ತಿಯನ್ನು ಬಹಿರಂಗಪಡಿಸಬೇಕೇ?

ಬೇಕಿಲ್ಲ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ, ಗುರುತಿನ ದಾಖಲೆ ಕೇಳದೆ ಪಡಿತರ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. 2021ರ ಡಿಸೆಂಬರಿನಲ್ಲಿ ಪಡಿತರ ಚೀಟಿ, ಮತದಾರರ ಗುರುತಿನ ಚೀಟಿಗಳಿಗೂ ಸೂಚನೆ ನೀಡಿತು. ವಿಳಾಸದ ದಾಖಲೆ ಇಲ್ಲದವರು ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರ ಪ್ರಮಾಣಪತ್ರದ ಮೇಲೆ ಆಧಾರ್ ಪಡೆಯಬಹುದು, ಅದರಲ್ಲಿ ವೃತ್ತಿಯನ್ನು ಸೂಚಿಸುವ ಯಾವ ಗುರುತೂ ಇರಕೂಡದು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ‘ಚೇತನ’ ಯೋಜನೆಯಡಿ ಸಣ್ಣ ಉದ್ಯೋಗಕ್ಕೆ ಸಹಾಯಧನವೂ ಇದೆ.

ಪೊಲೀಸರು ಬಂದಾಗ ಮಹಿಳೆ ಏನನ್ನು ನೆನಪಿಡಬೇಕು?

ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಮಹಿಳೆಯನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದಿರಬೇಕು. ಬಂಧನದ ಕಾರಣ ಹೇಳಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಓದದೆ ಯಾವ ಹಾಳೆಗೂ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಮ್ಯಾಜಿಸ್ಟ್ರೇಟರ ಮುಂದೆ ‘ನಾನು ವಯಸ್ಕಳು, ನಿಲಯಕ್ಕೆ ಹೋಗಲು ನನಗೆ ಇಷ್ಟವಿಲ್ಲ’ ಎಂದು ಬಾಯಿಬಿಟ್ಟು ಹೇಳಿ, ಅದನ್ನು ದಾಖಲಿಸುವಂತೆ ಕೋರಬೇಕು. ಉಚಿತ ವಕೀಲರಿಗಾಗಿ ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಗೆ ಕರೆ ಮಾಡಬಹುದು.

ಗಿರಾಕಿ ಅತ್ಯಾಚಾರ ಎಸಗಿದರೆ ದೂರು ಕೊಡುವ ಹಕ್ಕು ಆಕೆಗೆ ಪೂರ್ತಿಯಾಗಿ ಇದೆ. ಯಾವ ಠಾಣೆಯಲ್ಲಾದರೂ ಜೀರೊ ಎಫ್‌ಐಆರ್ ದಾಖಲಿಸಬಹುದು. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ಕೊಡಲೇಬೇಕು. ಹಣ ಪಡೆದದ್ದು ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕನ್ನು ಕಸಿಯುವುದಿಲ್ಲ.

ಸಂಘಟನೆಗಳು ಕಾನೂನಿನಲ್ಲಿ ಯಾವ ಬದಲಾವಣೆ ಕೇಳುತ್ತಿವೆ?

ಕರ್ನಾಟಕದಲ್ಲಿ ಸಾಧನಾ ಮಹಿಳಾ ಸಂಘ, ಲೈಂಗಿಕ ಕಾರ್ಮಿಕರ ಯೂನಿಯನ್ ಮೊದಲಾದವು ವರ್ಷಗಳಿಂದ ದನಿಯೆತ್ತಿವೆ. ದೇಶದಾದ್ಯಂತ ಕೇಳಿಬರುವ ಮುಖ್ಯ ಬೇಡಿಕೆಗಳಿವು: ಸೆಕ್ಷನ್ 8 ರದ್ದಾಗಬೇಕು, ಇಬ್ಬರು ಮಹಿಳೆಯರು ಜೊತೆಯಾಗಿ ದುಡಿದರೆ ಅದು ವೇಶ್ಯಾಗೃಹ ಎನ್ನುವ ವ್ಯಾಖ್ಯೆ ಬದಲಾಗಬೇಕು, ಮಕ್ಕಳು, ತಂದೆತಾಯಿಯರು ಸೆಕ್ಷನ್ 4ರ ಹೊರಗಿರಬೇಕು, ವಯಸ್ಕರನ್ನು ಇಚ್ಛೆಗೆ ವಿರುದ್ಧವಾಗಿ ನಿಲಯದಲ್ಲಿ ಇಡುವ ಅಧಿಕಾರ ಹೋಗಬೇಕು. ಮ್ಯಾಜಿಸ್ಟ್ರೇಟರು ಮಹಿಳೆಯನ್ನು ಒಂದು ಪ್ರದೇಶದಿಂದಲೇ ಹೊರಹಾಕಬಹುದಾದ ಸೆಕ್ಷನ್ 20ರ ವಿರುದ್ಧದ ಹೋರಾಟವಂತೂ ಕಾಯ್ದೆಯಷ್ಟೇ ಹಳೆಯದು. 1958ರಲ್ಲೇ ಹುಸ್ನಾ ಬಾಯಿ ಎಂಬ ಮಹಿಳೆ ಈ ಕಾಯ್ದೆ ತನ್ನ ಜೀವನೋಪಾಯದ ಹಕ್ಕನ್ನು ಕಸಿಯುತ್ತದೆಂದು ಅಲಹಾಬಾದ್ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರು. 1963ರಲ್ಲಿ ಕೌಸಲ್ಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸೆಕ್ಷನ್ ಅನ್ನು ಎತ್ತಿಹಿಡಿಯಿತು. ಅದು ಇಂದಿಗೂ ಕಾಯ್ದೆಯಲ್ಲಿದೆ.